ಕಸ್ತೂರಿ ಮಾವಶಿಯ ಕೈ

ಕಸ್ತೂರಿ ಮಾವಶಿ ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುತ್ತಿದ್ದಳು. ಆಕೆಯ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು, ಗೆಣ್ಣುಗಳು ಗಂಟುಗಟ್ಟಿದ್ದವು. ಅಕ್ಕಲಕೋಟೆಯಲ್ಲಿ ನಮ್ಮ ಎದುರು ಮನೆ ಆಕೆಯದು, ಚಿಕ್ಕಮ್ಮನ ಹಾಗೆಂದು ಮಾವಶಿ ಅನ್ನುತ್ತಿದ್ದೆ. ಅಂಗೈಯ ಬುಡದಿಂದಲೇ ರೊಟ್ಟಿ ಬಡಿಯುತ್ತಿದ್ದಳು. ದುಂಡಗಾಗದಿದ್ದರೆ, “ಹೊಟ್ಟ್ಯಾಗ ಹೋದಮ್ಯಾಲ ಯಾರು ನೋಡ್ತಾರ?” ಅನ್ನುತ್ತಿದ್ದಳು.

ನನಗಾಗ ಇಪ್ಪತ್ತನಾಲ್ಕು. ದಿನಾ ಎಸ್.ಟಿ. ಬಸ್ಸಿನಲ್ಲಿ ಸೋಲಾಪುರಕ್ಕೆ ಹೋಗಿ ಒಂದು ಚಾದರದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಬೆಳಗ್ಗೆ ಕುರ್ತಾದ ಗುಂಡಿ ಹಾಕಲಾಗಲಿಲ್ಲ. ಬೆರಳು ಬಾತು ಬಿಗಿದಿದ್ದವು, ಸಡಿಲಾಗಲು ತಾಸು ಹಿಡಿಯಿತು. ದಣಿವೆಂದು ಎರಡು ತಿಂಗಳು ತಳ್ಳಿದೆ. ಕೊನೆಗೆ ಸೋಲಾಪುರದ ವಿಜಾಪುರ ರಸ್ತೆಯ ಡಾಕ್ಟರು ರಕ್ತದ ರಿಪೋರ್ಟು ನೋಡಿ ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. ಅದು ಮುದುಕರ ಸಂಧಿವಾತವಲ್ಲ, ದೇಹ ತನ್ನ ಕೀಲುಗಳ ಮೇಲೆ ತಾನೇ ತಿರುಗಿಬೀಳುವ ರೋಗ. ವರ್ಷಗಟ್ಟಲೆ ಗುಳಿಗೆ ಬೇಕು. ಮಕ್ಕಳು ಬೇಕೆಂದಾಗ ಮೊದಲೇ ಬಂದು ಕೇಳಿ ಆ ಗುಳಿಗೆ ನಿಲ್ಲಿಸಬೇಕು ಎಂದರು. ಅವರು ಹೇಳುತ್ತಲೇ ಇದ್ದರು. ನನ್ನ ಕಣ್ಣಿಗೆ ಮಾವಶಿಯ ಕೈ ಮಾತ್ರ ಕಾಣುತ್ತಿತ್ತು.

ಹದಿನೈದು ದಿನ ಆಕೆ ಎದುರಾಗಬಾರದೆಂದು ಹಿತ್ತಿಲ ಬಾಗಿಲಿನಿಂದ ಓಡಾಡಿದೆ. ಆಕೆಯೇ ಬಂದಳು. ಮಂಗಳವೇಢೆಯ ಹುಡುಗನೊಂದಿಗೆ ನನ್ನ ಮದುವೆ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಅವರಿಗೆ ಏನೂ ಹೇಳುವುದು ಬೇಡ, ಮದುವೆಯಾದ ಮೇಲೆ ನೋಡೋಣ ಎಂದು ಅವ್ವ ಗೋಗರೆಯುತ್ತಿದ್ದಳು.

ಆ ಮಾತು ಕಿವಿಗೆ ಬಿದ್ದದ್ದೇ ಮಾವಶಿ ಅವ್ವನ ಮುಂದೆ ತನ್ನ ಕೈ ಚಾಚಿದಳು. “ಸುನಂದಾ, ನಾ ಮುಚ್ಚಿಟ್ಟಾಕಿ. ಅತ್ತಿ ಮನ್ಯಾಗ ಗೊತ್ತಾದ್ರ ತವರಿಗಿ ಕಳಸ್ತಾರಂತ ಅಂಜಿ, ಹಿಟ್ಟಿನ ಡಬ್ಬ್ಯಾಗ ಬ್ಯಾನಿ ಗುಳಗಿ ಇಟ್ಕೊಂಡು ಹನ್ನೆರಡ ವರ್ಷ ನುಂಗೀನಿ. ಡಾಕ್ಟರ್ ಕಡಿ ಹೋಗಾಗ ಕೈ ಹಿಂಗಾಗಿದ್ವು.”

ಮರುದಿನ ನಾನೇ ಹುಡುಗನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆತ ಸಮಾಧಾನದಿಂದ ಕೇಳಿಸಿಕೊಂಡ. ವಾರದಲ್ಲಿ ಸಂಬಂಧ ಮುರಿಯಿತು. ಅವ್ವ ನಾಲ್ಕು ತಿಂಗಳು ಮಾವಶಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಾವಶಿ ಮಾತ್ರ ಪ್ರತಿ ತಿಂಗಳೂ ರಕ್ತ ತಪಾಸಣೆಗೆ ನನ್ನ ಜೊತೆ ಬಸ್ಸು ಹತ್ತುತ್ತಿದ್ದಳು. ಆರು ತಿಂಗಳಿಗೆ ನನ್ನ ಬಾವು ಇಳಿಯಿತು, ಬೆರಳು ನೆಟ್ಟಗೇ ಉಳಿದವು.

ಕೊನೆಯ ಸಲ ನೋಡಿದಾಗ ಆಕೆ ಸೋಲಾಪುರದ ದವಾಖಾನೆಯಲ್ಲಿದ್ದಳು. ರೋಗ ಪುಪ್ಪುಸಕ್ಕೂ ಇಳಿದಿತ್ತು. ಕೀಲಿನ ರೋಗ ಉಸಿರಿಗೂ ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ಗಮನಿಸಿದಳು.

“ನನ್ನ ನೋಡಿದ್ರ ಅಂಜಿಕಿ ಬರ್ತೈತಿ ಹೌದಿಲ್ಲೊ?”

ಸುಳ್ಳು ಹೇಳಲಾಗಲಿಲ್ಲ. ಹೌದೆಂದೆ.

“ಅಂಜಬೇಕು. ಅಂಜಿದಾಕಿ ಗುಳಗಿ ಮರಿಯೂದಿಲ್ಲ.”

ಎಂಟು ದಿನಕ್ಕೆ ಹೋಗಿಬಿಟ್ಟಳು. ಅವ್ವ ಆಕೆಯ ಅಂಗಳದಲ್ಲಿ ಕೂತು ಅತ್ತದ್ದು ಓಣಿಗೆಲ್ಲ ಕೇಳಿಸಿತು. ಈಗ ರಕ್ತ ತಪಾಸಣೆಗೆ ನಾನೊಬ್ಬಳೇ ಹೋಗುತ್ತೇನೆ. ರಿಪೋರ್ಟು ಕೈಗೆ ಬರುವವರೆಗೆ ಅಂಜುತ್ತಲೇ ಬೆರಳು ಮಡಚಿ ಬಿಚ್ಚಿ ನೋಡುತ್ತಿರುತ್ತೇನೆ. ಮಾವಶಿ ಕೂಡುತ್ತಿದ್ದ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.