ಅತ್ತೆ ಉಟ್ಟ ನನ್ನ ಸೀರೆ

ಮಗು ಹುಟ್ಟಿದ ಮನೆಯಲ್ಲಿ ನಿದ್ದೆ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿದ್ದೆಯ ಮಾತು ಹಾಗಿರಲಿ, ನನ್ನ ಮಗ ಹುಟ್ಟಿದ ಮೇಲೆ ನನಗೆ ತಲೆ ಬಾಚಿಕೊಳ್ಳುವುದಕ್ಕೂ ಪುರಸತ್ತಿರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಲಸೂರಿನ ಕೆರೆಗೆ ಹತ್ತಿರದ ಒಂದು ವಠಾರದಲ್ಲಿ ನಮ್ಮ ಮನೆ. ಒಂದು ನಡುಮನೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ವಠಾರಕ್ಕೆಲ್ಲ ಸೇರಿದ ಬಚ್ಚಲು. ಮನೆಯಲ್ಲಿ ನಾನು, ನನ್ನ ಯಜಮಾನರು, ಅವರ ತಾಯಿ, ಜೊತೆಗೆ ಈ ಮೂರು ತಿಂಗಳ ಪೈಲ್ವಾನ.

ಮಗು ಚೆನ್ನಾಗಿಯೇ ಇತ್ತು. ಗೋಡೆಯ ಮೇಲಿನ ಹಲ್ಲಿಯನ್ನು ನೋಡಿ ನಗುತ್ತಿತ್ತು, ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದರೆ ಕಣ್ಣು ಮುಚ್ಚುತ್ತಿತ್ತು. ಚಿಂತೆ ಒಂದೇ. ನನ್ನ ಹಾಲು ಬಿಟ್ಟರೆ ಬೇರೆ ಏನನ್ನೂ ಅದು ಬಾಯಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನನ್ನ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಕೃಷ್ಣರಾಜಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ತಂತಿಗಳಿಗೆ ಬೆಸುಗೆ ಹಾಕುವ ಕೆಲಸ ನನ್ನದು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ಹೊತ್ತು ಮಗು ಬೇರೆ ಹಾಲು ಕುಡಿಯಬೇಕು, ಇಲ್ಲವೇ ನಾನು ಕೆಲಸ ಬಿಡಬೇಕು.

ಬಿಟ್ಟರೆ ಮನೆ ಮುಳುಗುತ್ತಿರಲಿಲ್ಲ. ಇವರು ವಿಮಾ ಕಚೇರಿಯಲ್ಲಿ ಗುಮಾಸ್ತರು, ಹೇಗೋ ನಡೆಯುತ್ತಿತ್ತು. ಆದರೆ ನನಗೆ ಆ ಕೆಲಸ ಇಷ್ಟವಾಗಿತ್ತು. ಮೇಜಿನ ಮುಂದೆ ಕೂತು, ನನ್ನ ಕೈಯಿಂದ ಒಂದು ಸಾಮಾನು ಸರಿಯಾಗಿ ತಯಾರಾಗಿ ಮುಂದಕ್ಕೆ ಹೋಗುವುದನ್ನು ನೋಡುವುದು ಇಷ್ಟವಾಗಿತ್ತು. ಇದನ್ನು ಆಗ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಮನೆಯ ಕಷ್ಟಕ್ಕೆ ಹೋಗುತ್ತಾಳೆ ಅಂದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಇಷ್ಟಪಟ್ಟು ಹೋಗುತ್ತಾಳೆ ಅಂದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಇವರು ಶಿವಾಜಿನಗರಕ್ಕೆ ಹೋಗಿ ಗಾಜಿನ ಸೀಸೆ, ರಬ್ಬರ್ ನಿಪ್ಪಲ್ ತಂದರು. ಮಗು ಆ ರಬ್ಬರನ್ನು ನಾಲಿಗೆಯಲ್ಲಿ ಒಂದು ಸಲ ಮುಟ್ಟಿ, ಮುಖ ಸಿಂಡರಿಸಿ, ಹೊರಗೆ ತಳ್ಳಿತು. ಆಮೇಲೆ ಅತ್ತೆ ಪೆಟ್ಟಿಗೆಯಿಂದ ಬೆಳ್ಳಿಯ ಒಳಲೆ ತೆಗೆದರು. ಮೂತಿ ಚೂಪಾದ, ಅಂಗೈಯಷ್ಟು ಪುಟ್ಟ ಪಾತ್ರೆ ಅದು. ಇವರಿಗೂ ಅದರಲ್ಲೇ ಹಾಲು ಕುಡಿಸಿದ್ದರಂತೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಕೆನ್ನೆ ಒತ್ತಿ ಹಿಡಿದು ಹನಿ ಹನಿ ಬಿಟ್ಟರು. ಅದು ಉಸಿರು ಕಟ್ಟಿ ನೀಲಿಯಾಗುವ ತನಕ ಅತ್ತಿತೇ ಹೊರತು ಒಂದು ಗುಟುಕು ನುಂಗಲಿಲ್ಲ.

"ನಿಮ್ಮಪ್ಪನ ಹಠ ಕಣೋ ಇದು," ಅಂದರು ಅತ್ತೆ. ಹಠ ನಿಜವಾಗಿ ಯಾರದು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅತ್ತೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಗಂಡ ತೀರಿಕೊಂಡ ಮೇಲೆ ಅವರು ಅಂಚಿಲ್ಲದ ತಿಳಿಬಣ್ಣದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಒಪ್ಪೊತ್ತಿನ ಊಟ ಅವರದು. ಮಧ್ಯಾಹ್ನ ಒಂದು ಸಲ ಅನ್ನ, ರಾತ್ರಿ ಒಂದು ಹಿಡಿ ಅವಲಕ್ಕಿ, ಮುಗಿಯಿತು. ಬೆಳಗಾಗುವ ಮೊದಲೇ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು, ಮಡಿಯಲ್ಲಿ ಅಡಿಗೆ ಮಾಡುತ್ತಿದ್ದರು. ಅವರ ಊಟ ಆಗುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ. ಊರಿನವರೆಲ್ಲರ ಮೈ ತಗುಲಿದ ಬಸ್ಸಿನಲ್ಲಿ ಬಂದ ನಾನಂತೂ ಸ್ನಾನ ಮಾಡದೆ ಅಡಿಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ದುಡಿದು ಸೋತು ಬಂದು, ನೀರಿಲ್ಲದ ಬಚ್ಚಲ ಮುಂದೆ ಸರದಿ ಕಾಯುವಾಗ ನನಗೆ ಈ ಮಡಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮಗುವಿಗೆ ಮಾತ್ರ ಅದರಲ್ಲಿ ವಿನಾಯಿತಿ. ಬತ್ತಲೆ ಮಗುವಿಗೆ ಮೈಲಿಗೆ ಇಲ್ಲ, ಬಟ್ಟೆಗೆ ಮೈಲಿಗೆ. ಹಾಗಾಗಿ ಅತ್ತೆ ಅದರ ಲಂಗೋಟಿ ಕಿತ್ತುಹಾಕಿ ಎತ್ತಿಕೊಳ್ಳುತ್ತಿದ್ದರು.

ರಜೆ ಮುಗಿಯಿತು, ಹೋದೆ. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗಿ, ರವಿಕೆ ನೆನೆದು, ಸೆರಗನ್ನು ಎರಡು ಸುತ್ತು ಹೊದ್ದು ಕೂತೆ. ಸಂಜೆ ಓಡಿ ಬಂದರೆ ಮಗುವಿನ ಗಂಟಲು ಬಿದ್ದುಹೋಗಿತ್ತು. ಅತ್ತೆಯ ಸೀರೆ ತುಂಬ ಹಾಲು.

"ಒಂದು ತೊಟ್ಟೂ ಒಳಗೆ ಹೋಗ್ಲಿಲ್ಲ ಕಣೆ," ಅಂದರು. "ಸಕ್ಕರೆ ನೀರು ನಾಲಿಗೆಗೆ ಸವರಿದೀನಿ, ಅಷ್ಟೇ."

ಮರುದಿನವೂ ಅದೇ, ಅದರ ಮರುದಿನವೂ ಅದೇ. ಹಗಲೆಲ್ಲ ಉಪವಾಸ ಮಾಡಿ ರಾತ್ರಿಯೆಲ್ಲ ನನ್ನನ್ನು ಹೀರಿತು. ತುಂಬಿದ್ದ ಕೆನ್ನೆ ಇಳಿಯಿತು. ನಾನು ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತೆ. ಇವರು ಒಂದು ದಿನ ಮೆಲ್ಲಗೆ, "ಹೋಗ್ಲಿ, ಕೆಲಸ ಬಿಟ್ಬಿಡು," ಅಂದರು.

"ನೀವು ಬಿಡಿ," ಅಂದೆ. "ಮನೇಲಿ ಕೂತ್ಕೊಂಡು ಒಳಲೆ ಹಿಡೀರಿ."

ಅವರು ಚಪ್ಪಲಿ ಮೆಟ್ಟಿಕೊಂಡು ಗಾಳಿ ಸೇವನೆಗೆ ಹೊರಟುಬಿಟ್ಟರು. ಅವರ ಮೇಲೆ ನನಗೆ ಕೋಪವೂ ಇರಲಿಲ್ಲ. ಕೋಪ ಮಾಡಿಕೊಳ್ಳುವುದಕ್ಕೆ ಬೇಕಾದ ಶಕ್ತಿ ಇರಲಿಲ್ಲ.

ದಾರಿ ತೋರಿಸಿದ್ದು ಮಗುವೇ. ಒಂದು ಭಾನುವಾರ ಬೆಳಿಗ್ಗೆ, ಹಿಂದಿನ ರಾತ್ರಿ ಉಟ್ಟು ಮಲಗಿದ್ದ ನನ್ನ ನೂಲಿನ ಸೀರೆಯನ್ನು ಒಗೆಯಲೆಂದು ಮೂಲೆಗೆ ಹಾಕಿದ್ದೆ. ಅಳುತ್ತಿದ್ದ ಮಗುವನ್ನು ಪಕ್ಕದಲ್ಲಿ ಮಲಗಿಸಿದರೆ, ಅದು ಆ ಸೀರೆಯ ಸೆರಗು ಹಿಡಿದು, ಮೂಗಿಗೆ ಒತ್ತಿಕೊಂಡು ಸುಮ್ಮನಾಯಿತು. ಹಾಲು ಹನಿದು ಹುಳಿ ನಾತ ಹೊಡೆಯುತ್ತಿದ್ದ ಸೀರೆ ಅದು. ಅತ್ತೆ ಅದನ್ನು ನೋಡಿದರು. ಮರುದಿನ ನಾನು ಹೊರಟ ಮೇಲೆ ಅದನ್ನು ಕೋಲಿನಿಂದ ಎತ್ತಿ ತೊಟ್ಟಿಲಿಗೆ ಹಾಕಿದರಂತೆ. ತೊಟ್ಟಿಲಲ್ಲಿ ಮಗು ನಿದ್ದೆ ಹೋಯಿತು. ಹಾಲು ಕುಡಿಸಲು ಎತ್ತಿಕೊಂಡ ಕೂಡಲೇ ರಾಗ ತೆಗೆಯಿತು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನೂಲಿಗೆ ಮೈಲಿಗೆ, ರೇಷ್ಮೆಗಿಲ್ಲ. ನನ್ನ ರೇಷ್ಮೆ ಸೀರೆಯನ್ನು ನಾನು ರಾತ್ರಿ ಉಟ್ಟು ಮಲಗುವುದು, ಬೆಳಿಗ್ಗೆ ಅತ್ತೆ ಅದನ್ನು ಸುತ್ತಿಕೊಂಡು ಕೂರುವುದು. ಅವರ ಮಡಿಯೂ ಉಳಿಯಿತು, ಮಗುವಿಗೆ ನನ್ನ ವಾಸನೆಯೂ ಸಿಕ್ಕಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಮದುವೆಯಲ್ಲಿ ಕೊಟ್ಟಿದ್ದ ನೇರಳೆ ಬಣ್ಣದ ಸೀರೆ ಉಟ್ಟು ಸುಡುಬೇಸಿಗೆಯಲ್ಲಿ ಮಲಗಿದೆ. ಮೈಯೆಲ್ಲ ಬೆವರುಸಾಲೆ. ಮಗು ಜರಿಯ ಮೇಲೆಯೇ ಕಕ್ಕಿತು. ಬೆಳಿಗ್ಗೆ ಅತ್ತೆ ಬೀದಿ ಬಾಗಿಲು ಹಾಕಿಕೊಂಡು, ನಾಚಿಕೆಯಿಂದ ಕುಗ್ಗಿ, ಆ ನೇರಳೆ ಸೀರೆಯನ್ನು ಮೈಗೆ ಸುತ್ತಿಕೊಂಡರು. ಮಗುವಿನ ಕೆನ್ನೆಗೆ ಜರಿ ಚುಚ್ಚಿತು. ಅದು ಕಿರುಚಿದ್ದು ನನಗೆ ಬೀದಿಯ ತಿರುವಿನ ತನಕ ಕೇಳಿಸಿತು. ರೇಷ್ಮೆ ಮೈಲಿಗೆಯನ್ನೂ ಹಿಡಿಯುವುದಿಲ್ಲ, ತಾಯಿಯ ವಾಸನೆಯನ್ನೂ ಹಿಡಿಯುವುದಿಲ್ಲ ಎಂದು ಕಾಣುತ್ತದೆ.

ಇನ್ನು ಕೆಲಸ ಬಿಡುವುದೇ ಸರಿ ಎಂದುಕೊಂಡು ಮರುದಿನ ಹೊರಡುತ್ತಿದ್ದೆ. ಅಡಿಗೆ ಮುಗಿಸಿ ಬಂದ ಅತ್ತೆ ನಡುಮನೆಯಲ್ಲಿ ನಿಂತಿದ್ದರು.

"ರಾತ್ರಿ ಉಟ್ಟಿದ್ದ ಸೀರೆ ಎಲ್ಲಿ?"

"ನೆನೆ ಹಾಕೋಣ ಅಂತ..."

"ಬೇಡ. ಇಲ್ಲಿ ಕೊಡು."

ಕೋಲು ಹುಡುಕುತ್ತಾರೇನೋ ಎಂದು ನೋಡಿದೆ. ಅವರು ಕೈಯನ್ನೇ ಚಾಚಿದರು. ನೀಲಿ ಹೂವಿನ, ಮುದುಡಿದ, ಹುಳಿ ವಾಸನೆಯ ಸೀರೆ. ನಾನು ಹಾಗೆಯೇ ಕೊಟ್ಟು ಬಸ್ಸಿಗೆ ಓಡಿದೆ.

ಸಂಜೆ ಬಂದಾಗ ಬಾಗಿಲಲ್ಲೇ ಹೇಳಿದರು. "ಗಟಗಟ ಅಂತ ಕುಡೀತು ಕಣೆ. ಕುಡಿದು ಎಂಥಾ ತೇಗು ಬಿಡ್ತು ಗೊತ್ತಾ, ನಿಮ್ಮಾವ ಹಬ್ಬದೂಟ ಮಾಡಿ ತೇಗ್ತಿದ್ರಲ್ಲ, ಹಂಗೆ."

ನೀಲಿ ಹೂವಿನ ಸೀರೆಯಲ್ಲಿ ಅತ್ತೆ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ತೋಳಿನ ಮೇಲೆ ಮಗು, ಅದರ ತುಟಿಯ ಮೇಲೆ ಹಸುವಿನ ಹಾಲಿನ ಬಿಳಿ ಮೀಸೆ. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಆ ವರ್ಷವೆಲ್ಲ ನೆನೆದರೆ ನಾನು ಪೂರ್ತಿ ಸಂತೋಷವಾಗಿದ್ದ ಸಂಜೆ ಅದೊಂದೇ.

ಆ ರಾತ್ರಿ ಅಡಿಗೆಮನೆಗೆ ಹೋದಾಗ ಅತ್ತೆಯ ಪಾಲಿನ ಅನ್ನ ಮುಚ್ಚಿಟ್ಟಲ್ಲೇ ಇತ್ತು. "ಹಸಿವಿರಲಿಲ್ಲ," ಅಂದರು. ಮರುದಿನವೂ ಹಸಿವಿರಲಿಲ್ಲ. ಆಮೇಲೆ ಕೇಳುವ ಅಗತ್ಯವಿರಲಿಲ್ಲ. ಮಧ್ಯಾಹ್ನಕ್ಕೆ ಮೊದಲು ಅವರು ಅನ್ನ ಮುಟ್ಟುವವರಲ್ಲ. ನನ್ನ ಸೀರೆ ಉಟ್ಟ ಮೇಲೆ ಅವರು ಮೈಲಿಗೆ, ಅಡಿಗೆಮನೆಗೆ ಕಾಲಿಡುವಂತಿಲ್ಲ, ಊಟ ಮಾಡುವಂತಿಲ್ಲ. ಸ್ನಾನ ಮಾಡೋಣವೆಂದರೆ ಮಧ್ಯಾಹ್ನ ನಲ್ಲಿಯಲ್ಲಿ ನೀರಿಲ್ಲ, ತೊಡೆಯಿಂದ ಇಳಿಸಿದರೆ ಮಗು ಸುಮ್ಮನಿರುವುದಿಲ್ಲ. ಪಕ್ಕದ ಮನೆಯ ತಮಿಳು ಹೆಂಗಸು ಅಷ್ಟು ಹೊತ್ತು ಎತ್ತಿಕೊಳ್ಳುತ್ತೇನೆಂದು ಬಂದರು. ವಠಾರವೆಲ್ಲ ಓಡಿ ಬರುವ ಹಾಗೆ ಮಗು ಅರಚಿತು. "ನಮ್ ಕೈಲಿ ಆಗಲ್ಲಮ್ಮಾ, ರಾಜಾಗೆ ಪಾಟಿನೇ ಬೇಕಂತೆ," ಎಂದು ಅವರು ಅಜ್ಜಿಯ ಕೈಗೇ ಕೊಟ್ಟುಹೋದರು. ನಾನು ಬಂದು, ಅತ್ತೆ ಸ್ನಾನ ಮಾಡುವಷ್ಟರಲ್ಲಿ ದೀಪ ಹಚ್ಚಿಯಾಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಅವರಿಗೆ ಅನ್ನವಿಲ್ಲ. ಆ ಒಂದು ಹಿಡಿ ಅವಲಕ್ಕಿಯೇ ದಿನದ ಊಟ.

ವಾರ ಕಳೆಯಿತು, ಎರಡು ಕಳೆಯಿತು. ಮಗುವಿನ ಕೆನ್ನೆ ಮತ್ತೆ ತುಂಬಿತು, ಅತ್ತೆಯ ಕೆನ್ನೆ ಗುಳಿ ಬಿತ್ತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

"ಆ ಸೀರೇಲೇ ಎರಡು ತುತ್ತು ತಿನ್ನಿ ಅತ್ತೆ," ಅಂದೆ ಒಂದು ದಿನ. "ಯಾರು ನೋಡ್ತಾರೆ?"

"ಯಾರಾದ್ರೂ ನೋಡ್ಲಿ ಅಂತ ನಾನು ಮಡಿ ಮಾಡ್ತಿರೋದು ಅಂದ್ಕೊಂಡ್ಯಾ?"

ಅಷ್ಟು ವರ್ಷ ನಾನು ಅಂದುಕೊಂಡಿದ್ದು ಅದನ್ನೇ.

"ಹಂಗಾದ್ರೆ ನಾನು ಕೆಲಸ ಬಿಡ್ತೀನಿ."

"ಬಿಡು. ಬಿಟ್ಟು ಜನ್ಮವಿಡೀ ನನ್ನ ಮುಖ ನೋಡಿ ಹಲ್ಲು ಕಡೀತಾ ಇರು." ಮಗುವಿನ ಬೆನ್ನು ತಟ್ಟುತ್ತಲೇ ಹೇಳಿದರು. "ನೀನು ಕೆಲಸಕ್ಕೆ ಹೊರಟಾಗ ನಿನ್ನ ಮುಖ ಹೆಂಗಿರತ್ತೆ ಅಂತ ನಂಗೆ ಕಾಣಲ್ವಾ? ನನ್ನ ಹೊಟ್ಟೆ ವಿಷಯ ನಂಗೆ ಬಿಡು."

ಆಯಿತು, ಆ ಮಾತು ಬಿಟ್ಟೆ. ಆದರೆ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಈ ತಿಂಗಳು ಕಳೆಯಲಿ, ಹೇಳದೆ ಕೇಳದೆ ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂರುವುದು. ಮುದುಕಿಯನ್ನು ಉಪವಾಸ ಕೆಡವಿ ತಂತಿಗೆ ಬೆಸುಗೆ ಹಾಕುವಷ್ಟು ಗಟ್ಟಿ ಎದೆ ನನಗಿರಲಿಲ್ಲ. ಬಸ್ಸಿನಲ್ಲಿ ಕೂತಾಗಲೆಲ್ಲ, ಇನ್ನು ಕೆಲವೇ ದಿನ ಎಂದುಕೊಳ್ಳುತ್ತಿದ್ದೆ.

ಹಾಗಿರುವಾಗ ಒಂದು ದಿನ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಊಟದ ಹೊತ್ತಾದರೂ ಬರಲಿಲ್ಲ. ನಮ್ಮ ವಿಭಾಗದವರನ್ನೆಲ್ಲ ಮನೆಗೆ ಕಳಿಸಿದರು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಬಾಗಿಲು ತಳ್ಳಿದೆ. ನಡುಮನೆ ಖಾಲಿ, ತೊಟ್ಟಿಲೂ ಖಾಲಿ. ಅಡಿಗೆಮನೆಯಲ್ಲಿ ಏನೋ ಸದ್ದಾಯಿತು. ಹೊಸಿಲ ತನಕ ಹೋಗಿ ನಿಂತೆ.

ಅತ್ತೆ ನೆಲದ ಮೇಲೆ ಕೂತಿದ್ದರು. ಮೈಮೇಲೆ ನನ್ನ ಸೀರೆ. ಎಡಗೈಯಲ್ಲಿ ಮಗು, ಮುಂದೆ ಎಲೆ, ಎಲೆಯ ತುಂಬ ಅನ್ನ. ಅವರು ಉಣ್ಣುತ್ತಿದ್ದರು. ಬೇಗ ಬೇಗ, ದೊಡ್ಡ ದೊಡ್ಡ ತುತ್ತು ಮಾಡಿ ಉಣ್ಣುತ್ತಿದ್ದರು. ನನ್ನನ್ನು ನೋಡಿದ ಮೇಲೂ ಕೈ ನಿಲ್ಲಿಸಲಿಲ್ಲ.

ನಾನು ಅಭ್ಯಾಸಬಲದಿಂದ ಬಚ್ಚಲ ಕಡೆ ತಿರುಗಿದೆ.

"ಎಲ್ಲಿಗೆ ಹೊರಟೆ?" ಅಂದರು. "ಒಳಗೆ ಬಾ. ಒಂದು ಸೌಟು ಹುಳಿ ಹಾಕು. ಎಂಜಲು ಕೈಯಲ್ಲಿ ಪಾತ್ರೆ ಮುಟ್ಟೋಕಾಗಲ್ಲ."

"ಅತ್ತೆ, ನಾನು ಬಸ್ಸಲ್ಲಿ ಬಂದಿದೀನಿ."

"ಗೊತ್ತು. ಹಾಕು."

ಹೊಸಿಲು ದಾಟಿ, ಸೌಟು ತೆಗೆದು, ಹುಳಿ ಬಡಿಸಿದೆ. ಸ್ವಲ್ಪ ನೆಲಕ್ಕೂ ಬಿತ್ತು. ಅತ್ತೆ ಕಲಸಿಕೊಂಡರು. ಎರಡು ತುತ್ತು ಆದ ಮೇಲೆ ಎಲೆಯನ್ನೇ ನೋಡುತ್ತ ಹೇಳಿದರು.

"ನಿನ್ನೆ ಕಣ್ಣು ಕತ್ತಲೆ ಬಂತು ಕಣೆ. ನಿಂತಲ್ಲೇ ಹೋದೆ ಅನ್ನಿಸ್ತು. ಗೋಡೆ ಸಿಕ್ತು, ಜಾರಿ ಕೂತ್ಕೊಂಡೆ." ಎಡಗೈಯನ್ನು ಸರಿಮಾಡಿಕೊಂಡು, "ಮಗು ಕೈಯಲ್ಲಿತ್ತು," ಅಂದರು.

ನಾನು ಸೌಟು ಹಿಡಿದೇ ನಿಂತಿದ್ದೆ.

"ದೇವರಿಗೆ ಬೆಳಿಗ್ಗೆನೇ ಹೇಳ್ಬಿಟ್ಟಿದೀನಿ," ಅಂದರು. "ಏನು ಮಾಡ್ತಾನೋ ನಂಗೆ ಮಾಡ್ಲಿ. ನೀನ್ಯಾಕೆ ಹಂಗೆ ನಿಂತಿದೀಯ? ಉಂಡಿಲ್ಲ ತಾನೆ? ಒಂದೆಲೆ ಹಾಕ್ಕೊಂಡು ಕೂತ್ಕೋ."

ನಾನು ಕೂತೆ. ಮದುವೆಯಾಗಿ ಬಂದ ಮೇಲೆ ಅವರ ಜೊತೆ ಅವರ ಅಡಿಗೆಮನೆಯಲ್ಲಿ ಊಟಕ್ಕೆ ಕೂತದ್ದು ಅದೇ ಮೊದಲು. ಬೆವರಿದ ಸೀರೆ, ಕೈಯಲ್ಲಿ ಬೆಸುಗೆಯ ವಾಸನೆ, ತೊಳೆಯದ ಕಾಲು. ಅತ್ತೆ ಎಡಗೈಯಲ್ಲಿದ್ದ ಮಗುವನ್ನು ನನ್ನ ತೊಡೆಗೆ ದಾಟಿಸಿ, ಕಾಲು ಸಡಿಲಿಸಿ ಕೂತರು. ಮಜ್ಜಿಗೆಗೆ ಬರುವ ಹೊತ್ತಿಗೆ, "ಇನ್ನೊಂದು ಚೂರು ಅನ್ನ ಹಾಕು," ಅಂದರು.