ಆನಮ್ಮ ಮುದ್ದೆ ಅಗಿದದ್ದು

ಮುದ್ದೆಯನ್ನು ಅಗಿದು ತಿನ್ನುವವರನ್ನು ನೀವು ಎಂದಾದರೂ ನೋಡಿದ್ದೀರಾ? ಕಳೆದ ಶನಿವಾರ ನಾನು ನೋಡಿದೆ. ನಾನೊಬ್ಬಳೇ ಅಲ್ಲ, ಬರಗೂರು ರಸ್ತೆಯಲ್ಲಿ ಊರಾಚೆಗಿರುವ ಒಂದು ಕೇರಿಗೆ ಕೇರಿಯೇ ಕೆಲಸ ಬಿಟ್ಟು ನಿಂತು ನೋಡಿತು.

ಅಗಿದವರು ಹಾಲೆಂಡಿನ ನರ್ಸ್ ಆನಾ. ಬಂದ ವಾರದಲ್ಲೇ ನಮ್ಮ ಜನ ಅವರನ್ನು ಆನಮ್ಮ ಮಾಡಿಬಿಟ್ಟರು. ಗಂಡ ಯೋಹಾನ್, ಬಾವಿ ತೋಡಿಸುವ ಎಂಜಿನಿಯರು. ಇಬ್ಬರು ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಹಡಗು ಹತ್ತಿ ಬಂದು ಶಿರಾದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮನೆ ಮಾಡಿದ್ದಾರೆ.

ಕ್ಯಾಥೊಲಿಕ್ ಮಿಷನ್ನಿನವರು ಅಂದರೆ ಬಿಳಿ ನಿಲುವಂಗಿಯ ಪಾದ್ರಿ ಇಳಿಯುತ್ತಾರೆ ಅಂತ ಕಾದಿದ್ದ ನಮ್ಮ ಬೀದಿಗೆ ಇದು ಭಾರೀ ನಿರಾಶೆ. "ಹೆಂಡ್ತಿ ಮಕ್ಕಳಿರೋ ಪಾದ್ರೀನಾ?" ಅಂತ ಕೇಳಿದವರೇ ಕೇಳಿದವರು. ಪಾದ್ರಿ ಅಲ್ಲ, ನಮ್ಮ ಹಾಗೇ ಸಂಸಾರಸ್ಥರು, ಬಡವರಿಗೆ ಕೈಲಾದ ಸೇವೆ ಮಾಡಲು ಮನೆಮಂದಿಯೆಲ್ಲ ಬಂದಿದ್ದಾರೆ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು. (ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ತಪ್ಪಿಗೆ ಅವರ ದುಭಾಷಿ ನಾನೇ.)

ಶನಿವಾರ ಸ್ಕೂಲು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ನಾನೂ ಅವರ ಜೀಪು ಹತ್ತುತ್ತೇನೆ. ಕೇರಿಯ ಮುಂದಿನ ಹೊಂಗೆ ಮರದ ಕೆಳಗೆ ಔಷಧದ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಮೊದಮೊದಲು ಜಾತ್ರೆ. ಆಮೇಲೆ ಜನ ಕಡಿಮೆಯಾದರು. ಆಮೇಲೆ ಯಾರೂ ಇಲ್ಲ. ಮಕ್ಕಳ ಕಣ್ಣಿನ ತುಂಬ ಪಿಸುರು, ಔಷಧ ಎದುರಿಗೇ ಇದೆ, ತಾಯಂದಿರು ಮಾತ್ರ ಬಾಗಿಲು ಹಾಕಿಕೊಂಡರು!

ಕಳೆದ ವಾರ ಯೋಹಾನ್ ಹೇಳಿಯೇಬಿಟ್ಟರು, "ನಾವು ಬೇಡವಾದ ಕಡೆ ಇರಬಾರದು. ಮುಂದಿನ ತಿಂಗಳು ಬೇರೆ ಊರು ನೋಡೋಣ." ಆನಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಇಷ್ಟು ಒಳ್ಳೆಯವರನ್ನು ನಾವು ಓಡಿಸುತ್ತಿದ್ದೇವಲ್ಲ?

ಶನಿವಾರ ನಾನೇ ಆನಮ್ಮನ ಕೈ ಹಿಡಿದು ಕೆಂಚಮ್ಮನ ಮನೆ ಬಾಗಿಲಿಗೆ ಕರೆದುಕೊಂಡು ಹೋದೆ. ಕೇರಿಯ ಹೆರಿಗೆಗಳನ್ನೆಲ್ಲ ಮಾಡಿಸುವ ಅಜ್ಜಿ ಆಕೆ. ಅವಳು ಹೂಂ ಅಂದರೆ ಕೇರಿ ಹೂಂ ಅನ್ನುತ್ತದೆ. ಯಾಕೆ ಯಾರೂ ಬರೋದಿಲ್ಲ ಅಂತ ನೇರ ಕೇಳಿದೆ.

"ಯಾಕೆ ಬರಾನ ಟೀಚರಮ್ಮ? ಈವಮ್ಮನೂ ನಿಮ್ಮಂಗೇ. ಮೊದ್ಲು ದಿನ ನೀರು ಕೊಟ್ಟೆ, ಬ್ಯಾಡ ಅಂದ್ಬುಟ್ಳು. ಮುದ್ದೆ ಉಣ್ಣು ಅಂದೆ, ಕೈ ಮುಗುದ್ಲು. ಮರದ ಕೆಳಗೆ ಕುಂತ್ಕಂಡು ಡಬ್ಬಿ ಬಿಚ್ಚಿ ಅವ್ರ ರೊಟ್ಟಿ ಅವ್ರೇ ತಿಂತಾರೆ. ನಮ್ಮನೆ ನೀರು ಮುಟ್ಟದೋರ ಮದ್ದು ನಮಗ್ಯಾಕೆ?"

"ನಿಮ್ಮಂಗೇ" ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾನು ಇಂಗ್ಲಿಷಿಗೆ ಇಳಿಸಿದೆ.

ಆನಮ್ಮನ ಮುಖ ಟೊಮೇಟೊ ಆಯಿತು. ಪಾಪ, ಅವರ ಲೆಕ್ಕಾಚಾರವೇ ಬೇರೆ. ಬಡವರ ಮನೆಯಲ್ಲಿ ಒಂದು ತುತ್ತು ತಿಂದರೂ ಅವರ ಮಕ್ಕಳಿಗೆ ಒಂದು ತುತ್ತು ಕಡಿಮೆ, ಆದ್ದರಿಂದ ಏನನ್ನೂ ಮುಟ್ಟಬಾರದು ಅಂತ ಗಂಡಹೆಂಡತಿ ಹಡಗಿನಲ್ಲೇ ನಿಯಮ ಮಾಡಿಕೊಂಡಿದ್ದರಂತೆ. ಎಂಥ ಒಳ್ಳೆಯ ನಿಯಮ! ನಮ್ಮ ನೆಲಕ್ಕೆ ಕಾಲಿಟ್ಟ ಕೂಡಲೇ ಅದು ಮಡಿಯಾಗಿಬಿಟ್ಟಿತು. ಆ ದೇಶದವರಿಗೆ ಇದು ಹೊಳೆಯುವುದಾದರೂ ಹೇಗೆ?

ಇದನ್ನು ಕನ್ನಡದಲ್ಲಿ ಹೇಳಿದಾಗ ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಯ್ಯೋ ಪೆದ್ದೇ! ನಾಕು ಜನಕ್ಕೆ ಇಕ್ಕೋ ಹಂಗಿದ್ರೆ ನಾವ್ಯಾಕೆ ಬಡವ್ರು? ಇಕ್ಕಿದ್ದು ಯಾರೂ ಉಣ್ಣದಿದ್ರೆ ತಾನೇ ಬಡವ್ರಾಗೋದು? ಬಾ ಒಳೀಕೆ."

ಆನಮ್ಮನಿಗೆ ತರ್ಜುಮೆ ಬೇಕಾಗಲಿಲ್ಲ. ತಲೆ ಬಗ್ಗಿಸಿ ಒಳಗೆ ಹೋದರು. ಮರದ ಕೆಳಗಿದ್ದ ಯೋಹಾನ್ ಕೂಡ ಓಡಿ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಲು ಹೋಗಿ ಆಯ ತಪ್ಪಿ ಗೋಡೆಗೆ ಒರಗಿದರು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಂತು. ಆನಮ್ಮ ದೊಡ್ಡ ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ಮುದ್ದೆ ಹಲ್ಲಿಗೆ ಮೆತ್ತಿ ದವಡೆ ಮೇಲೇಳದು!

"ಅಗೀಬ್ಯಾಡ ಕಣವ್ವ, ನುಂಗು!" ಅಂತ ಬಾಗಿಲಲ್ಲಿ ಹತ್ತು ಬಾಯಿ. ಒಬ್ಬಳು ತನ್ನ ಗಂಟಲು ನೀವಿ ತೋರಿಸಿದಳು. ಇನ್ನೊಬ್ಬಳು "ಸಾರಿನಾಗೆ ಅದ್ದು, ಅದ್ದು" ಅಂದಳು. ಅತ್ತ ಯೋಹಾನ್ ಸಾರಿನ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಒಂದು ತುತ್ತು ಆನಮ್ಮನ ಗಂಟಲಲ್ಲಿ ಜಾರಿತು ನೋಡಿ, ಕೇರಿಯೆಲ್ಲ ಹೋ ಅಂತ ಕೂಗಿತು. ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಹೊಂಗೆ ಮರದ ಕೆಳಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೂತಿದ್ದರು. ಆನಮ್ಮ ಬೇರೆ ಊರಿಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು.

ನನಗೋ ಸಂತೋಷವೋ ಸಂತೋಷ. ಹೊಸ್ತಿಲಾಚೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಕೆಂಚಮ್ಮ ಇನ್ನೊಂದು ತಟ್ಟೆ ಹಿಡಿದು ನನ್ನ ಕಡೆ ತಿರುಗಿದಳು.

"ಸಮುದ್ರದಾಚೆಯೋರು ಒಳೀಕೆ ಬಂದು ಉಂಡ್ರು ಕಣಮ್ಮ. ನೀನು ಶಿರಾದೋಳು ಇನ್ನೂ ಆಚೇನೇ ನಿಂತಿದ್ದೀಯಲ್ಲ?"

ಇದನ್ನು ಯಾವ ಭಾಷೆಗೆ ತರ್ಜುಮೆ ಮಾಡಿ ತಪ್ಪಿಸಿಕೊಳ್ಳಲಿ? (ಮನೆಯಲ್ಲಿ ಅತ್ತೆಯವರ ವಿಚಾರಣೆ ಇದ್ದೇ ಇತ್ತು. ಅದು ಈಗಲೂ ನಡೆಯುತ್ತಿದೆ.) ಚಪ್ಪಲಿ ಬಿಟ್ಟೆ, ಒಳಗೆ ಹೋದೆ, ಉಂಡೆ. ಸಾರು ಬಹಳ ಚೆನ್ನಾಗಿತ್ತು.

ನಿಮ್ಮೂರಿನ ಕೇರಿ ನಿಮ್ಮ ಮನೆಯಿಂದ ಎಷ್ಟು ದೂರ, ಹಾಲೆಂಡಿಗಿಂತ ದೂರವೇ?