ಎರಡು ಕಿಲೋ ಜೋಳದ ಹಿಟ್ಟು

ನನ್ನ ಮೊಮ್ಮಗಳು ದೋಣಿ ಪಂದ್ಯದ ಚಾಂಪಿಯನ್. ಹಾಗಂತ ಹುಟ್ಟು ಹಾಕುವವಳಲ್ಲ. ನಾಲ್ಕು ಹುಡುಗಿಯರು ಬೆವರಿಳಿಸಿ ಹುಟ್ಟು ಹಾಕುತ್ತಾರೆ. ಇವಳು ಅವರೆದುರು ಕೂತು ಚುಕ್ಕಾಣಿ ಹಿಡಿದು ಕಿರುಚುತ್ತಾಳೆ. ಅದಕ್ಕೆ ಕಾಕ್ಸ್ ಎನ್ನುತ್ತಾರೆ. ಕುಳ್ಳಿಯೆಂದು ಹುಟ್ಟು ಕೊಡದ ಕೋಚ್, ಗಂಟಲು ಕೇಳಿ ಆ ಜಾಗ ಕೊಟ್ಟರು. ಗಂಟಲು ನನ್ನದೇ. ಧಾರವಾಡದಲ್ಲಿ ನಾನು ಕೂಗಿದರೆ ಮೂರನೇ ಓಣಿಯ ಎಮ್ಮೆ ತಿರುಗಿ ನೋಡುತ್ತಿತ್ತು. ಈಗ ಗೋಡೆ ತುಂಬ ಅವಳ ಪದಕ, ಧೂಳು ಒರೆಸುವವಳು ನಾನು.

ಅವಳ ಮೊದಲ ಫೈನಲ್ ನಾವೀಗ ಇರುವ ಕೋಲ್ಕತ್ತದ ಕೆರೆಯಲ್ಲೇ ನಡೆಯಿತು. ಸೋತರೆ ಆ ಜಾಗ ಇನ್ನೊಬ್ಬಳಿಗೆ ಎಂದು ಕೋಚ್ ಮೊದಲೇ ಹೇಳಿದ್ದರು. ಕಾಕ್ಸ್ ಹಗುರಾಗಿದ್ದಷ್ಟೂ ದೋಣಿ ಓಡುತ್ತದೆ ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಹದಿನೈದು ದಿನ ಅವಳಿಗೆ ತುಪ್ಪ, ಶೇಂಗಾ ಚಟ್ನಿ, ಇಲ್ಲಿಯ ಸಿಹಿ ಸಂದೇಶ್ ಎಲ್ಲ ಬಂದ್ ಮಾಡಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಯಾರನ್ನೂ ಕೇಳುವ ಅಭ್ಯಾಸ ನನಗಿಲ್ಲ.

ಆ ದಿನ ಬೆಹಾಲಾದ ಮನೆಯಿಂದ ಹೊರಟವಳು ಲೇಕ್ ಮಾರ್ಕೆಟ್‌ನಲ್ಲಿ ಇಳಿದು, ಎರಡು ಕಿಲೋ ಜೋಳದ ಹಿಟ್ಟು ಕೊಂಡು ಕೆರೆಗೆ ಹೋದೆ. ಹುಡುಗಿ ತೂಕದ ಯಂತ್ರದ ಮೇಲೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು.

"ಆಯಿ, ವೇಟ್ ಕಮ್ಮಿ ಆಗೇತಿ. ಮಿನಿಮಮ್ ಇರಬೇಕು. ಕಮ್ಮಿ ಇದ್ದಷ್ಟು ಭಾರ ನನ್ನ ಹತ್ರ ಇಟ್ಕೋಬೇಕು. ಇಲ್ಲಾಂದ್ರ ಔಟ್."

"ಎಷ್ಟ್ ಕಮ್ಮಿ?"

"ಆಲ್‌ಮೋಸ್ಟ್ ಎರಡು ಕಿಲೋ."

ಇದಕ್ಕೆಂದೇ ಇದ್ದ ಮರಳಿನ ಚೀಲವನ್ನು ಬೇರೆ ತಂಡ ಒಯ್ದಿತ್ತು. ಕೋಚ್ ಹಿಂದಿಯಲ್ಲಿ ನನ್ನನ್ನು ಕೇಳಿದರು: "ಮಾಶಿಮಾ, ಹುಡುಗಿಗೆ ಊಟ ಹಾಕ್ತೀರೋ ಇಲ್ಲೋ?"

ಇಷ್ಟು ವಯಸ್ಸಿನಲ್ಲಿ ಯಾರೂ ನನಗೆ ಈ ಮಾತು ಅಂದಿರಲಿಲ್ಲ. ಹಿಟ್ಟಿನ ಚೀಲವನ್ನು ಅವಳ ಕಾಲ ಬಳಿ ದಪ್ ಎಂದು ಇಟ್ಟೆ.

"ಈಗ ನೋಡ್ರಿ ತೂಕ."

ತೂಕ ಸರಿಹೋಯಿತು. ತೀರ್ಪುಗಾರ ಚೀಲ ಮೂಸಿ ನೋಡಿದ, ನಿಯಮದ ಪುಸ್ತಕ ನೋಡಿದ. ಭಾರ ಎಂದಿತ್ತು, ಮರಳೇ ಎಂದಿರಲಿಲ್ಲ. ಎರಡು ಪ್ಲಾಸ್ಟಿಕ್ ಸುತ್ತಿ, ಟೇಪು ಹಚ್ಚಿ, ದೋಣಿಗೆ ಬಿಟ್ಟ.

ಅರ್ಧ ದಾರಿಯವರೆಗೆ ನಮ್ಮವರು ಮೂರನೆಯವರು. ಆಮೇಲೆ ಅವಳ ಕೂಗು ದಡಕ್ಕೆ ಬಡಿಯಿತು. ಮೊಳದಷ್ಟು ಅಂತರದಲ್ಲಿ ಗೆದ್ದರು.

ದಡಕ್ಕೆ ಬಂದದ್ದೇ ನಾಲ್ವರೂ ಅವಳ ಕೈಕಾಲು ಹಿಡಿದು ಎತ್ತಿದರು. ಗೆದ್ದ ಕಾಕ್ಸ್ ಅನ್ನು ನೀರಿಗೆ ಎಸೆಯುವುದು ಅವರ ಪದ್ಧತಿಯಂತೆ. ಹಿಟ್ಟಿನ ಚೀಲವನ್ನೋ ಅವಳು ಎದೆಗೆ ಅವುಚಿಕೊಂಡಿದ್ದಳು; ಪಂದ್ಯ ಮುಗಿದ ಮೇಲೆ ಅದನ್ನು ಇನ್ನೊಮ್ಮೆ ತೂಗಿ ತೋರಿಸಬೇಕಿತ್ತು.

"ಏ ಹುಡುಗ್ಯಾರ, ಮೊದ್ಲ ಹಿಟ್ಟು ಕೊಡ್ರಿ! ಆಮ್ಯಾಲ ಆಕಿನ್ನ ಒಗೀರಿ!"

ಕನ್ನಡ ಬಾರದವರೂ ನಿಂತರು. ಕೋಚ್ ಓಡಿ ಬಂದು ಚೀಲ ಹಿಡಿದರು. ಹುಡುಗಿ ಧುಡುಮ್ ಎಂದು ನೀರಿಗೆ ಬಿದ್ದಳು.

ಸಂಜೆ ಅದೇ ಹಿಟ್ಟಿನ ರೊಟ್ಟಿ ಬಡಿದು, ಮೇಲೆ ತುಪ್ಪ ಸುರಿದು ಎಲ್ಲರಿಗೂ ಹಾಕಿದೆ. ಕೋಚ್ ನಾಲ್ಕು ತಿಂದರು. ಊಟದ ಮಾತು ಮತ್ತೆ ಎತ್ತಲಿಲ್ಲ.